ಬೀಳುವುದಕ್ಕೆ ಎಷ್ಟು ಮಾರ್ಕ್ಸು?

ನಾವು ಚಿಕ್ಕವರಿದ್ದಾಗ ಅಂಗಡಿಯಲ್ಲಿ ಕುಸ್ತಿಯವರ ಟ್ರಂಪ್ ಕಾರ್ಡು ಸಿಗುತ್ತಿತ್ತು. ತೊಂಬತ್ತರ ದಶಕದ ಮಕ್ಕಳಿಗೆಲ್ಲ ಗೊತ್ತು. ಒಂದೊಂದು ಕಾರ್ಡಿನ ಮೇಲೆ ಒಬ್ಬೊಬ್ಬ ದಾಂಡಿಗ, ಅವನ ಫೋಟೊ ಪಕ್ಕ ರ‍್ಯಾಂಕು, ಎತ್ತರ, ತೂಕ, ಎದೆ, ಬೈಸೆಪ್ಸು, ಆಡಿದ್ದೆಷ್ಟು, ಗೆದ್ದದ್ದೆಷ್ಟು. "ತೂಕ" ಅಂತ ಕೂಗುವಾಗ ಕೈಯಲ್ಲಿ ಯೊಕೊಝುನಾ ಇದ್ದರೆ ಮುಗೀತು, ಎದುರಿನವರ ಕಾರ್ಡು ನಮ್ಮದು. ಜಪಾನಿನವನು ಅಂತ ನಾವೆಲ್ಲ ನಂಬಿದ್ದ ಆ ಯೊಕೊಝುನಾ ಅಮೆರಿಕದಲ್ಲಿ ಹುಟ್ಟಿದ ಸಮೋವಾ ಮೂಲದವನು ಅಂತ ನನಗೆ ತಿಳಿಯುವ ಹೊತ್ತಿಗೆ ತಲೆಯಲ್ಲಿ ಬಿಳಿ ಕೂದಲು ಬಂದಿತ್ತು. ಕಾರ್ಡು ನಂಬಿ ಕೆಟ್ಟೆ.

ಇದೆಲ್ಲ ನೆನಪಾದದ್ದು ಅಣ್ಣನ ಮಗನಿಂದ. ಅವನೀಗ ಎಂಟನೇ ಕ್ಲಾಸು. ನನಗೆ ಮಂಡಿ ನೋವಿಗೆ ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ, ಸುಮ್ನೆ ಮೊಬೈಲು ಹಿಡಿದು ಕೂತಿರುತ್ತೇನೆ, ಹಾಗೆ ಕೂತಿದ್ದಾಗ ಒಂದು ದಿನ ಎಲ್ಲಿಂದಲೋ ಜಪಾನಿನ ಹೆಂಗಸರ ಹಳೆಯ ಕುಸ್ತಿಯೊಂದು ಕಣ್ಣಿಗೆ ಬಿತ್ತು. ಅವತ್ತು ಹಿಡಿದದ್ದು ಇವತ್ತಿಗೂ ಬಿಟ್ಟಿಲ್ಲ. ಅಲ್ಲಿ ಇದಕ್ಕೆ 'ಜೋಶಿ ಪುರೊರೆಸು' ಅನ್ನುತ್ತಾರೆ. ಪುರೊರೆಸು ಅಂದರೆ ಪ್ರೊಫೆಷನಲ್ ರೆಸ್ಲಿಂಗನ್ನೇ ಅರ್ಧ ಅಗಿದು ನುಂಗಿದ್ದು, ಜೋಶಿ ಅಂದರೆ ಹೆಂಗಸರು. ನಮ್ಮ ಧಾರವಾಡದ ಕಡೆಯ ಜೋಶಿಯವರು ಗಾಬರಿಯಾಗಬೇಕಿಲ್ಲ.

ಹುಡುಗ ಪಕ್ಕದಲ್ಲಿ ಕೂತು ನೋಡುತ್ತಾನೆ. ಅವನದು ಎರಡೇ ಪ್ರಶ್ನೆ. "ಅತ್ತೆ, ಇದೆಲ್ಲ ಮೊದಲೇ ಫಿಕ್ಸ್ ಅಲ್ವಾ?" ಮತ್ತು "ಇವರಲ್ಲಿ ನಂಬರ್ ಒನ್ ಯಾರು?"

ಮೊದಲನೆಯದಕ್ಕೆ ನನ್ನ ಹತ್ತಿರ ರೆಡಿ ಉತ್ತರ ಇದೆ. ಯಕ್ಷಗಾನದಲ್ಲಿ ದುರ್ಯೋಧನನ ತೊಡೆ ಮುರಿಯುತ್ತದೆ ಅಂತ ಗೊತ್ತಿದ್ದೂ ಜನ ಬೆಳಗಿನ ಜಾವದ ತನಕ ಕೂರುವುದಿಲ್ವಾ? ಯಾರು ಗೆಲ್ಲುತ್ತಾರೆ ಅಂತ ನೋಡುವುದಕ್ಕೆ ಯಾರೂ ಹೋಗುವುದಿಲ್ಲ. ಇವತ್ತಿನವನು ಹೇಗೆ ಸಾಯುತ್ತಾನೆ ಅಂತ ನೋಡುವುದಕ್ಕೆ ಹೋಗುತ್ತಾರೆ. ಆಮೇಲೆ ಆರು ತಿಂಗಳು ಟೀ ಅಂಗಡಿಯಲ್ಲಿ ಅವರ ವೇಷ ಮೇಲೋ ಇವರದ್ದು ಮೇಲೋ ಅಂತ ಜಗಳ. ಕುಸ್ತಿಯೂ ಹಾಗೇ ಕಣೋ ಅಂದೆ. ಅವನಿಗೆ ಅರ್ಧ ಒಪ್ಪಿಗೆಯಾಯಿತು.

ಎರಡನೆಯದು ಕಷ್ಟ. ಮಾರ್ಕ್ಸ್ ಲೆಕ್ಕದಲ್ಲಿ ಹೋದರೆ ಮನಾಮಿ ಟೊಯೋಟಾ ಅನ್ನಬೇಕು. 1987ರಲ್ಲಿ 16ನೇ ವಯಸ್ಸಿಗೆ ರಿಂಗಿಗೆ ಬಂದವಳು. (ಏಕವಚನ ಬಳಸಿದ್ದಕ್ಕೆ ಯಾರೂ ಬೇಸರ ಮಾಡಿಕೊಳ್ಳಬೇಡಿ, ಇಷ್ಟವಾದವರನ್ನು ನಾನು ಕರೆಯುವುದೇ ಹೀಗೆ.) ಡೇವ್ ಮೆಲ್ಟ್ಜರ್ ಅಂತ ಅಮೆರಿಕದ ಪತ್ರಕರ್ತನೊಬ್ಬ ಕುಸ್ತಿ ಪಂದ್ಯಗಳಿಗೆ ನಕ್ಷತ್ರ ಕೊಡುತ್ತಾನೆ, ಸಾಮಾನ್ಯವಾಗಿ ಐದಕ್ಕೆ ಇಷ್ಟು ಅಂತ. ಟೊಯೋಟಾಳ 17 ಪಂದ್ಯಗಳಿಗೆ ಐದಕ್ಕೆ ಐದು ಸಿಕ್ಕಿದೆ. ನೋಡಿದರೆ ಯಾಕೆ ಅಂತ ತಿಳಿಯುತ್ತದೆ. ಸುಮ್ಮನೆ ನಿಲ್ಲುವುದೇ ಗೊತ್ತಿಲ್ಲದ ಹೆಂಗಸು ಅವಳು. ಮೂಲೆಯ ಕಂಬ ಹತ್ತಿ ಹಿಮ್ಮುಖವಾಗಿ ಲಾಗ ಹಾಕಿ ಎದುರಾಳಿಯ ಮೇಲೆ ಬೀಳುವ ಮೂನ್‌ಸಾಲ್ಟು ಅವಳಿಗೆ ನಾವು ಮೆಟ್ಟಿಲು ಇಳಿದಷ್ಟು ಸಲೀಸು. ಎದುರಾಳಿಯನ್ನು ಹಿಂದಕ್ಕೆ ಎಸೆದು ತಾನೂ ಹಿಂದಕ್ಕೆ ಬಾಗಿ ಚಿತ್ ಮಾಡುವಾಗ ಅವಳ ಬೆನ್ನು ಕಮಾನಿನ ಹಾಗೆ ನಿಲ್ಲುತ್ತದೆ, ನೆಲಕ್ಕೆ ತಾಕುವುದು ತಲೆ ಮತ್ತು ಕಾಲ್ಬೆರಳು ಮಾತ್ರ.

ಆದರೂ ನನ್ನ ತಕರಾರು ಒಂದಿದೆ. ಹತ್ತು ನಿಮಿಷ ಅವಳ ಕಾಲನ್ನು ಹಿಂಡಿ ಹಿಪ್ಪೆ ಮಾಡಿರುತ್ತಾರೆ, ಎದ್ದವಳೇ ಬಸ್ಸು ತಪ್ಪಿಹೋಗುತ್ತದೆ ಅನ್ನೋ ಥರ ಓಡುತ್ತಾಳೆ. ಹಾಗಾದರೆ ಕಾಲು ನೋಯಲಿಲ್ವಾ ತಾಯಿ? ಮಂಡಿ ನೋವಿನವರಿಗೆ ಇದು ಸಹಿಸುವ ಮಾತಲ್ಲ.

ನೋವನ್ನು ನಂಬಿಸುವ ವಿಷಯಕ್ಕೆ ಬಂದರೆ ಅಕಿರಾ ಹೊಕುಟೊ. ಅವಳು ನಂಬಿಸಬೇಕಾಗಿಯೇ ಇರಲಿಲ್ಲ, ನಿಜವಾಗಿಯೇ ನೋಯುತ್ತಿತ್ತು. 1987ರಲ್ಲಿ, ಇನ್ನೂ ಹಿಸಾಕೊ ಉನೊ ಅಂತ ಹುಟ್ಟುಹೆಸರಲ್ಲೇ ಆಡುತ್ತಿದ್ದಾಗ, ಎರಡನೇ ಹಗ್ಗದ ಎತ್ತರದಿಂದ ತಲೆಕೆಳಗಾಗಿ ಅವಳನ್ನು ನೆಲಕ್ಕೆ ಕುಟ್ಟಿದರು. ಕುತ್ತಿಗೆ ಮೂಳೆ ಮುರಿಯಿತು. ಅವಳು ಎರಡೂ ಕೈಯಲ್ಲಿ ತನ್ನ ತಲೆ ಹಿಡಿದುಕೊಂಡು, ಕೊಡ ಹೊತ್ತವರು ಹಿಡಿದುಕೊಳ್ಳುತ್ತಾರಲ್ಲ ಹಾಗೆ, ಪಂದ್ಯ ಮುಗಿಸಿದಳು. ಇದನ್ನು ಧೈರ್ಯ ಅನ್ನಬೇಕೋ ಹುಚ್ಚು ಅನ್ನಬೇಕೋ ನನಗೆ ಇನ್ನೂ ತೀರ್ಮಾನವಾಗಿಲ್ಲ. ವಯಸ್ಸು 19. ಪಕ್ಕದಲ್ಲಿ ಅವಳ ಅಮ್ಮ ಇದ್ದಿದ್ದರೆ ಕೆನ್ನೆಗೆ ಬಾರಿಸಿ ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಿದ್ದಳು. ವಾಪಸ್ ಬಂದು 1993ರ ಏಪ್ರಿಲಿನಲ್ಲಿ ಯೊಕೊಹಾಮಾ ಅರೀನಾದಲ್ಲಿ ಶಿನೊಬು ಕಂದೋರಿಯ ಜೊತೆ ಆಡಿದ ಪಂದ್ಯವನ್ನು ಊಟ ಮಾಡುತ್ತಾ ನೋಡಬೇಡಿ, ರಕ್ತ ಜಾಸ್ತಿ. ಕಂದೋರಿ ಜೂಡೊದಿಂದ ಬಂದವಳು, ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಕಂಚು ಗೆದ್ದಿದ್ದಳು, ಮುಂದೆ 2006ರಲ್ಲಿ ಜಪಾನಿನ ಸಂಸತ್ತಿನ ಮೇಲ್ಮನೆಯಲ್ಲೂ ಕೂತಳು. ಟ್ರಂಪ್ ಕಾರ್ಡಿನಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ನನ್ನ ಓಟು ಮಾತ್ರ ಆಜಾ ಕಾಂಗ್‌ಗೆ. ಅಮ್ಮ ಜಪಾನಿನವಳು, ಅಪ್ಪ ಆಫ್ರಿಕನ್ ಅಮೆರಿಕನ್, ಬಣ್ಣದ ಕಾರಣಕ್ಕೆ ಚಿಕ್ಕಂದಿನಲ್ಲಿ ಬೇಕಾದಷ್ಟು ಮಾತು ಕೇಳಿಸಿಕೊಂಡವಳು. ನೂರು ಕಿಲೋ ಆಸುಪಾಸಿನ ಮೈ, ಮುಖಕ್ಕೆ ಬಣ್ಣ, ಕೈಯಲ್ಲಿ ಒಂದು ತಗಡಿನ ಡಬ್ಬ. ನಮ್ಮ ಮದುವೆಮನೆ ಅಡುಗೆಯವರ ಹತ್ತಿರ ಚೌಕದ ಎಣ್ಣೆ ಟಿನ್ನು ಇರುತ್ತದಲ್ಲ, ಅಂಥದ್ದೇ. ಅದನ್ನು ಎತ್ತಿ ತಲೆ ಮೇಲೆ ಹೊಡೆದರೆ ಇಡೀ ಸಭಾಂಗಣಕ್ಕೆ ಸದ್ದು. ಅವಳ ಇನ್ನೊಂದು ಪಟ್ಟು ಉರಾಕೆನ್, ಗರ‍್ರನೆ ಒಂದು ಸುತ್ತು ತಿರುಗಿ ಮುಷ್ಟಿಯ ಹಿಂಭಾಗದಿಂದ ಮುಖಕ್ಕೆ ಬಾರಿಸುವುದು.

ಇವಳನ್ನೂ ಟೊಯೋಟಾಳನ್ನೂ ಎದುರುಬದುರು ನಿಲ್ಲಿಸಿದ್ದರು. 1995ರಲ್ಲಿ ಕೆಂಪು ಬೆಲ್ಟು, ಅಂದರೆ ಅವರ ಕಂಪನಿಯ ದೊಡ್ಡ ಚಾಂಪಿಯನ್ ಪಟ್ಟ, ಇವಳಿಂದ ಅವಳಿಗೆ, ಅವಳಿಂದ ಇವಳಿಗೆ ಓಡಾಡಿತು. ಆ ಪಂದ್ಯಗಳನ್ನು ನಾನೂ ಹುಡುಗನೂ ಒಂದು ರಾತ್ರಿ ಸದ್ದು ಕಡಿಮೆ ಮಾಡಿಕೊಂಡು ನೋಡಿದೆವು. ಆಜಾ ತಿರುಗಿ ಬಾರಿಸುತ್ತಾಳೆ, ಟೊಯೋಟಾ ಬುಡ ಕಡಿದ ಬಾಳೆಗಿಡದ ಹಾಗೆ ಒರಗುತ್ತಾಳೆ. "ಅಬ್ಬಾ ಏನ್ ಹೊಡೆತ!" ಅಂದ ಹುಡುಗ. ಹಿಂದಕ್ಕೆ ಓಡಿಸಿ, ನಿಧಾನ ಮಾಡಿ ಇನ್ನೊಂದು ಸಲ ನೋಡಿದೆ. ಹೊಡೆತ ಏನೋ ಜೋರಾಗೇ ಇತ್ತು, ಇಲ್ಲ ಅನ್ನಲ್ಲ. ಆದರೆ ಅದು ಅಷ್ಟು ಭಯಂಕರವಾಗಿ ಕಂಡದ್ದು ಅವಳು ಬಿದ್ದ ರೀತಿಯಿಂದ. ಕತ್ತು ತಿರುಗಿದ ಕ್ಷಣ, ಮಂಡಿ ಬಿಟ್ಟುಕೊಟ್ಟ ಕ್ಷಣ, ಕೂದಲು ಹಾರಿದ್ದು, ಎಲ್ಲ ಅವಳದ್ದು. ಹಾಗಾದರೆ ಆ ಹೊಡೆತದ ಮಾರ್ಕ್ಸು ಯಾರ ಲೆಕ್ಕಕ್ಕೆ? ಆಜಾದಾ, ಟೊಯೋಟಾದಾ? ನನ್ನ ಟ್ರಂಪ್ ಕಾರ್ಡು ಕೆಟ್ಟುಹೋದದ್ದು ಅಲ್ಲೇ.

ಬಣ್ಣದ ವೇಷದವರ, ಅಂದರೆ ಯಕ್ಷಗಾನದ ರಾಕ್ಷಸರ ಥರ ಕೆಟ್ಟವರ ಪಾತ್ರ ಮಾಡುವವರ, ಕಥೆಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಎಂಬತ್ತರ ದಶಕದ ಜಪಾನಿನಲ್ಲಿ ಕ್ರಶ್ ಗ್ಯಾಲ್ಸ್ ಅಂತ ಜೋಡಿ ಇತ್ತು, ಚಿಗುಸಾ ನಾಗಾಯೋ ಮತ್ತು ಲಯನೆಸ್ ಅಸುಕಾ. ಶಾಲೆ ಹುಡುಗಿಯರಿಗೆ ಇವರೆಂದರೆ ಪ್ರಾಣ. ಇವರು ಕುಸ್ತಿಯ ನಡುವೆ ಹಾಡೂ ಹೇಳುತ್ತಿದ್ದರು, ಕ್ಯಾಸೆಟ್ಟೂ ಬರುತ್ತಿತ್ತು. ಇವರಿಗೆ ಎದುರು ಡಂಪ್ ಮತ್ಸುಮೊಟೊ. ಕೈಯಲ್ಲಿ ಸರಪಳಿ, ಬಿದಿರಿನ ಕತ್ತಿ, ಕಣ್ಣ ಸುತ್ತ ಬಣ್ಣ. 1985ರ ಆಗಸ್ಟ್ 28ರಂದು ಒಸಾಕಾ-ಜೋ ಹಾಲಿನಲ್ಲಿ ಚಿಗುಸಾಗೂ ಡಂಪ್‌ಗೂ ಪಂದ್ಯ, ಸೋತವರ ತಲೆ ಬೋಳಿಸುವುದು ಅಂತ ಪಣ. ಚಿಗುಸಾ ಸೋತಳು. ರಕ್ತ ಸುರಿಯುವ ತಲೆಗೆ ಮೆಷಿನ್ ಹಿಡಿದು ಕೂದಲು ತೆಗೆಯುತ್ತಿದ್ದರೆ ಹಾಲಿನ ತುಂಬ ಹುಡುಗಿಯರು ಮನೆಯಲ್ಲಿ ಸಾವಾದವರ ಹಾಗೆ ಗೊಳೋ ಅಂತ ಅಳುತ್ತಿದ್ದರು. ಅವತ್ತು ಡಂಪ್ ಗೆದ್ದದ್ದೇನು? ದೇಶದ ಹುಡುಗಿಯರ ಶಾಪ. ಈಗ ಕೇಳಿ, ಚಿಗುಸಾ, ಅಸುಕಾ, ಡಂಪ್ ಮೂವರೂ 1980ರಲ್ಲಿ ಒಟ್ಟಿಗೆ ಬಂದ ಒಂದೇ ಬ್ಯಾಚು. 1988ರಲ್ಲಿ ಡಂಪ್ ವಿದಾಯದ ದಿನ ರಿಂಗಿನಲ್ಲಿ ಆ ಇಬ್ಬರೂ ಇದ್ದರು. ಅವಳು ಅಷ್ಟು ಕೆಟ್ಟವಳಾಗದಿದ್ದರೆ ಚಿಗುಸಾ ಅಷ್ಟು ಒಳ್ಳೆಯವಳಾಗಿ ಕಾಣುತ್ತಿದ್ದಳಾ? ಆಮೇಲೆ ಬಣ್ಣದ ವೇಷ ಬುಲ್ ನಕಾನೊಗೆ ಹೋಯಿತು. ಅರ್ಧ ಬೋಳಿಸಿದ ತಲೆ, ಉಳಿದ ಕೂದಲು ನೆಟ್ಟಗೆ, ನೀಲಿ ಬಣ್ಣ, ನನ್‌ಚಾಕು. 1990ರಲ್ಲಿ ರಿಂಗಿನ ಸುತ್ತ ಕಟ್ಟಿದ ಪಂಜರದ ತುದಿ ಹತ್ತಿ ಆಜಾ ಮೇಲೆ ಹಾರಿದವಳು. ಕುಸ್ತಿ ಬಿಟ್ಟ ಮೇಲೆ ಮೈ ಇಳಿಸಿ ಗಾಲ್ಫ್ ಆಡಲು ಹೋದಳು. 2024ರಲ್ಲಿ ಅಮೆರಿಕದ ಕುಸ್ತಿ ಕಂಪನಿ ಡಬ್ಲ್ಯುಡಬ್ಲ್ಯುಇಯವರು ಹಾಲ್ ಆಫ್ ಫೇಮಿಗೆ ಸೇರಿಸಿಕೊಂಡರು.

ವೇಷವನ್ನು ವೇಷ ಅಂತ ನೋಡದವರ ಬಗ್ಗೆ ಒಂದು ಮಾತು. ಹಾನಾ ಕಿಮುರಾ ರಿಂಗಿನಲ್ಲಿ ಖಾರದ ಪಾತ್ರ ಮಾಡುತ್ತಿದ್ದ ಹುಡುಗಿ, ಅಮ್ಮನೂ ಕುಸ್ತಿಯವಳೇ. ಒಂದು ಟಿವಿ ರಿಯಾಲಿಟಿ ಶೋದಲ್ಲಿ ಸಿಟ್ಟು ತೋರಿಸಿದ್ದಕ್ಕೆ ಜನ ಮೊಬೈಲಿನಲ್ಲಿ ಬೈದೂ ಬೈದೂ, 2020ರ ಮೇ ತಿಂಗಳಲ್ಲಿ ಅವಳು ಪ್ರಾಣ ಕಳೆದುಕೊಂಡಳು. 22 ವರ್ಷ. ಅವಳ ಪಂದ್ಯ ಬಂದರೆ ನಾನು ಹುಡುಗನಿಗೆ ಏನೂ ಹೇಳುವುದಿಲ್ಲ, ಪೂರ್ತಿ ನೋಡುತ್ತೇನೆ ಅಷ್ಟೆ.

ಕೆರಿಯರ್ ಹೋಲಿಸೋಣ ಅಂದರೆ ಅಲ್ಲಿ ಇನ್ನೊಂದು ತೊಡಕು. 1968ರಲ್ಲಿ ಮತ್ಸುನಾಗಾ ಸಹೋದರರು ಕಟ್ಟಿದ ಆಲ್ ಜಪಾನ್ ವಿಮೆನ್ಸ್ ಕಂಪನಿಯಲ್ಲಿ ಹೆಂಡ ಇಲ್ಲ, ಸಿಗರೇಟು ಇಲ್ಲ, ಗಂಡಸರ ಸಹವಾಸ ಇಲ್ಲ, ಮತ್ತು 25 ಆಗುತ್ತಿದ್ದ ಹಾಗೇ ಮನೆಗೆ. ಇಪ್ಪತ್ತೈದಕ್ಕೆ! ಗಂಡಸರು ಐವತ್ತಾದರೂ ಹೊಟ್ಟೆ ಬಿಟ್ಟುಕೊಂಡು ಆಡುತ್ತಿದ್ದರು, ಅದಕ್ಕೆ ಯಾರೂ ಮಾತಾಡಲಿಲ್ಲ. 'ಇನ್ನೂ ಮದುವೆ ಆಗಿಲ್ವಾ' ಅನ್ನೋ ಪ್ರಶ್ನೆಗೆ ಕಂಪನಿಯೇ ರೂಲ್ಸು ಮಾಡಿದರೆ ಹೀಗಿರುತ್ತದೆ. 1979ರಲ್ಲಿ ಬ್ಯೂಟಿ ಪೇರ್ ಜೋಡಿಯ ಜಾಕಿ ಸಾಟೊಗೂ ಮಾಕಿ ಉಯೆದಾಗೂ ಟೋಕಿಯೋದ ಬುದೊಕಾನ್ ಹಾಲಿನಲ್ಲಿ ಪಂದ್ಯ ಇಟ್ಟು, ಸೋತವಳು ನಿವೃತ್ತಿ ಅಂದರು. ಮಾಕಿ ಸೋತು ಹೋದಳು. ಚಿಗುಸಾ 24ಕ್ಕೆ ಕಣ್ಣೀರು ಹಾಕಿಕೊಂಡು 1989ರಲ್ಲಿ ಹೊರಟಳು.

ಹೊರಟವರು ಸುಮ್ಮನಿದ್ದರಾ? ಚಿಗುಸಾ ನಾಲ್ಕು ವರ್ಷಕ್ಕೆ ವಾಪಸ್ ಬಂದಳು, ಗಾಯಾ ಜಪಾನ್ ಅಂತ ತನ್ನದೇ ಕಂಪನಿ ಕಟ್ಟಿದಳು. ಜಾಗ್ವಾರ್ ಯೊಕೊತಾ ಎಂಬತ್ತರ ದಶಕದಲ್ಲೇ ನಿವೃತ್ತಿ ಅಂದವಳು, 45ಕ್ಕೆ ಮಗು ಹೆತ್ತು, ಅರವತ್ತು ದಾಟಿದ ಮೇಲೂ ರಿಂಗಿಗೆ ಇಳಿದಳು. ಮೆಗುಮಿ ಕುಡೊ ಇದೇ ಹಳೆ ಕಂಪನಿ ಬಿಟ್ಟು ಶಿಶುವಿಹಾರದಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದವಳು, ಆಮೇಲೆ ಮುಳ್ಳುತಂತಿಗೆ ಸಿಡಿಮದ್ದು ಕಟ್ಟಿದ ರಿಂಗಿನಲ್ಲಿ ಆಡಿದಳು. (ಶಿಶುವಿಹಾರ ಸಂಭಾಳಿಸಿದವರಿಗೆ ಸಿಡಿಮದ್ದು ಏನು ಮಹಾ.) ಚಿಗುಸಾಳ ಕೈಯಲ್ಲಿ ಕಲಿತ ಮೈಕೊ ಸತೋಮುರಾ 1995ರಲ್ಲಿ 15ಕ್ಕೇ ಶುರು ಮಾಡಿ, ಸೆಂಡಾಯ್ ಊರಲ್ಲಿ ಕಂಪನಿ ನಡೆಸಿ, 2021ರಲ್ಲಿ ಅದೇ ಡಬ್ಲ್ಯುಡಬ್ಲ್ಯುಇಯವರ ಬ್ರಿಟನ್ನಿನ ಎನ್‌ಎಕ್ಸ್‌ಟಿ ಬೆಲ್ಟು ಗೆದ್ದು, 2025ರ ಏಪ್ರಿಲ್ 29ಕ್ಕೆ ಟೋಕಿಯೋದ ಕೊರಾಕುಯೆನ್ ಹಾಲಿನಲ್ಲಿ ನಿಲ್ಲಿಸಿದಳು. ಮೂವತ್ತು ವರ್ಷ. ಹಳೇ ಲೆಕ್ಕದಲ್ಲಿ ಮೂರು ಜನರ ಆಯಸ್ಸು. ಅಮೆರಿಕದಲ್ಲಿ ಸ್ಟಾರ್ ಆದ ಇನ್ನೊಬ್ಬ ಅಸುಕಾ (ಲಯನೆಸ್ ಅಲ್ಲ, ಬೇರೆಯವಳು) ಕೂಡ 2006ರಲ್ಲಿ ಮೂತ್ರಪಿಂಡದ ಕಾಯಿಲೆಗೆ ಬಿಟ್ಟುಹೋಗಿ, ವಾಪಸ್ ಬಂದವಳೇ.

ಟೊಯೋಟಾ? ಅವಳು 2017ರ ನವೆಂಬರಿನಲ್ಲಿ ಯೊಕೊಹಾಮಾದಲ್ಲಿ ವಿದಾಯ ಹೇಳಿದಳು, ಒಂದೇ ದಿನ 50ಕ್ಕೂ ಹೆಚ್ಚು ಪಂದ್ಯ, ಹೆಚ್ಚಿನವು ಒಂದೊಂದು ನಿಮಿಷದವು. ಹೊರಡುವಾಗ ಊರವರಿಗೆಲ್ಲ ಹೇಳಿ ಹೊರಡುವ ಅಜ್ಜಿಯ ಹಾಗೆ. ಅವತ್ತು ಎಷ್ಟು ಸಲ ಬಿದ್ದಿರಬಹುದು ಅಂತ ಲೆಕ್ಕ ಹಾಕಲು ಹೋಗಿ ನಾನು ಸೋತೆ.

ಮೊನ್ನೆ ಹುಡುಗ ಡ್ರಾಯಿಂಗ್ ಶೀಟು ಕತ್ತರಿಸಿಕೊಂಡು ಬಂದ. ನಾವೇ ಕಾರ್ಡು ಮಾಡೋಣ ಅಂತ. ಎತ್ತರ, ತೂಕ, ಬೆಲ್ಟು, ನಿವೃತ್ತಿ ಎಷ್ಟು ಸಲ, ವಾಪಸ್ ಬಂದದ್ದು ಎಷ್ಟು ಸಲ, ಇಲ್ಲಿ ತನಕ ಬರೆದ. ನಾನು ಕೆಳಗೆ ಇನ್ನೊಂದು ಗೆರೆ ಎಳೆಯಲು ಹೇಳಿದೆ: ಬೀಳುವುದು.

"ಬೀಳೋದಕ್ಕೆ ಮಾರ್ಕ್ಸಾ? ಅದು ಯಾರಿಗೆ ಬರಲ್ಲ?"

ಹೊಸ ಹುಡುಗಿಯರಿಗೆ ಮೊದಲು ಕಲಿಸುವುದೇ ಅದು ಅಂದೆ, ಉಕೆಮಿ. ಗದ್ದ ಎದೆಗೆ ಒತ್ತಿಕೊಳ್ಳಬೇಕು, ಇಲ್ಲದಿದ್ದರೆ ತಲೆ ಹಿಂಭಾಗ ಮೊದಲು ನೆಲಕ್ಕೆ. ಬೆನ್ನಿನ ಮೇಲ್ಭಾಗ ಪೂರ್ತಿ ಒಟ್ಟಿಗೆ ತಾಕಬೇಕು, ಅದೇ ಹೊತ್ತಿಗೆ ಎರಡೂ ಅಂಗೈ ನೆಲಕ್ಕೆ ಫಟ್ಟನೆ ಬಡಿಯಬೇಕು, ಉಸಿರು ಬಿಡಬೇಕು. ಅವನಿಗೆ ಸುಲಭ ಅನ್ನಿಸಿತು. ನೆಲದ ಮೇಲೆ ಎರಡು ಹಾಸಿಗೆ ಒಂದರ ಮೇಲೊಂದು ಹಾಸಿ, ಬೆನ್ನು ಹಾಕಿ ನಿಂತ. ನಿಂತೇ ಇದ್ದ. ಹಿಂದಕ್ಕೆ ಬೀಳಲು ಮೈ ಕೇಳುವುದಿಲ್ಲ, ಪ್ರತಿ ಸಲ ಮಂಡಿ ಮಡಚಿ ಮೆತ್ತಗೆ ಕೂತುಬಿಡುತ್ತಾನೆ. ನಾಲ್ಕನೇ ಸಲಕ್ಕೆ ಕಣ್ಣು ಮುಚ್ಚಿಕೊಂಡು ಬಿದ್ದ. ಗದ್ದ ಮರೆತ, ಅಂಗೈ ಮರೆತ, ಸದ್ದು ಮಾತ್ರ ಆಜಾ ಕಾಂಗ್‌ನ ಡಬ್ಬದ್ದು.

"ಏನೋ ಅದು?" ಅಂತ ಅಡುಗೆಮನೆಯಿಂದ ಅತ್ತಿಗೆ ಕೂಗಿದರು.

"ಏನಿಲ್ಲಮ್ಮ, ಪುಸ್ತಕ ಬಿತ್ತು" ಅಂದ ಮಲಗಿದಲ್ಲಿಂದಲೇ, ಕಾರ್ಡಿನಲ್ಲಿ ಆ ಕಾಲಂ ಖಾಲಿ ಬಿಡು ಅಂತ ನನಗೆ ಕೈಸನ್ನೆ ಮಾಡುತ್ತಾ.