ಅತ್ತೆಯ ನಗು ಯಾವ ಚೌಕದಲ್ಲಿತ್ತು?

ನಿನ್ನೆ ಸಂಜೆಯಿಂದ ಕುದಿಯುತ್ತಿದ್ದೇನೆ. ಮನೆಯವರು ಕೇಳಿ ಕೇಳಿ ಸುಸ್ತಾಗಿದ್ದಾರೆ, ಇನ್ನು ನಿಮ್ಮ ಸರದಿ.

ಜಾಗವಿಲ್ಲ, ಜಾಗವಿಲ್ಲ ಎಂದು ಮೊಬೈಲು ವಾರದಿಂದ ಪ್ರಾಣ ಹಿಂಡುತ್ತಿತ್ತು. ಒಂದೇ ಥರದ ಚಿತ್ರಗಳನ್ನು ಹುಡುಕಿ ಅಳಿಸುವ ಆ್ಯಪ್ ಒಂದನ್ನು ಹಾಕಿಕೊಂಡೆ. ಎರಡೇ ನಿಮಿಷದಲ್ಲಿ ಕೆಲಸ ಮುಗಿಸಿ, ಹಸಿರು ಗುರುತು ತೋರಿಸಿ, ನನ್ನನ್ನು ಅಭಿನಂದಿಸಿತು. ಅಭಿನಂದನೆ ಬೇರೆ! ಅತ್ತೆ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಾಗ ತೆಗೆದ ಹನ್ನೊಂದು ಚಿತ್ರಗಳಿದ್ದವು. ಈಗ ಒಂದಿದೆ. ಅದರಲ್ಲಿ ಅವಳು ತಲೆ ತಗ್ಗಿಸಿ ಕತ್ತಿಯನ್ನು ನೋಡುತ್ತಿದ್ದಾಳೆ. ಯಾರೋ ಏನೋ ಅಂದದ್ದಕ್ಕೆ ತಲೆಯೆತ್ತಿದ್ದು, ಬಾಯಿ ತುಂಬ ನಕ್ಕಿದ್ದು, ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದು, ಎಲ್ಲ ಹೋದವು. ಅವಳು ಹೋಗಿ ಈ ಆಷಾಢಕ್ಕೆ ಎರಡು ವರ್ಷ.

ಕುಟುಂಬದ ವಾಟ್ಸ್ಆ್ಯಪ್ ಗುಂಪಿನ ಶುಭೋದಯದ ಗುಲಾಬಿಗಳು ಮಾತ್ರ ಒಂದೂ ಅಲುಗಿಲ್ಲ. ಪ್ರತಿ ಗುಲಾಬಿಯೂ ಬೇರೆ ಬೇರೆಯಂತೆ.

ನನ್ನ ಹಳೆಯ ಕೆಲಸ ಯಾವುದೆಂದು ನಿಮಗೆ ಗೊತ್ತೇ ಇದೆ. ಪತ್ರಿಕೆಯ ಚಿತ್ರ ವಿಭಾಗದಲ್ಲಿ, ದೀಪದ ಮೇಜಿನ ಮೇಲೆ ನೆಗೆಟಿವ್ ಹಾಸಿ, ಭೂತಗನ್ನಡಿಗೆ ಕಣ್ಣು ಅಂಟಿಸಿ, 36 ಫ್ರೇಮಿನ ರೋಲಿನಲ್ಲಿ ಒಂದನ್ನು ಹೆಕ್ಕುವುದು. ಅದೇ ವೇದಿಕೆ, ಅದೇ ಹಾರ, ಅದೇ ಮಂತ್ರಿ. ಒಂದರಲ್ಲಿ ಕಣ್ಣು ಮುಚ್ಚಿದೆ, ಮುಂದಿನದರಲ್ಲಿ ತೆರೆದಿದೆ. ಆ ಕೂದಲೆಳೆಯಷ್ಟು ವ್ಯತ್ಯಾಸಕ್ಕೇ ತಿಂಗಳ ಕೊನೆಗೆ ಸಂಬಳ ಬರುತ್ತಿತ್ತು. ನನ್ನ ಹೊಟ್ಟೆ ಹೊರೆದ ಆ ವ್ಯತ್ಯಾಸಕ್ಕೆ ಈಗ ‘ನಕಲು’ ಎಂದು ಹೆಸರಿಟ್ಟಿದ್ದಾರೆ.

ಸಾಫ್ಟ್‌ವೇರ್ ಕೆಲಸದಲ್ಲಿರುವ ಸೋದರಳಿಯನನ್ನು ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ ಬೈದೆ. ಪಾಪ, ಅವನು ಸಮಾಧಾನದಿಂದ ವಿವರಿಸಿದ. ಇದಕ್ಕೆ ಪರ್ಸೆಪ್ಚುಯಲ್ ಹ್ಯಾಶಿಂಗ್ ಎನ್ನುತ್ತಾರಂತೆ. ಹ್ಯಾಶ್ ಎಂದರೆ ಕಡತವನ್ನು ಲೆಕ್ಕಕ್ಕೆ ಹಾಕಿ ತೆಗೆದ ಒಂದು ಗುರುತಿನ ಸಂಖ್ಯೆ. ಎಸ್‌ಎಚ್‌ಎ-256 ಥರದ ಮಾಮೂಲಿ ಹ್ಯಾಶ್ ಮಹಾ ಮಡಿವಂತ. ಚಿತ್ರದ ಒಂದು ಚುಕ್ಕೆ ಬದಲಾದರೂ ಅದು ಕೊಡುವ ಸಂಖ್ಯೆ ಗುರುತೇ ಸಿಗದಷ್ಟು ಬದಲಾಗುತ್ತದೆ. ವಾಟ್ಸ್ಆ್ಯಪಿನಲ್ಲಿ ಕಳಿಸಿದೊಡನೆ ಚಿತ್ರ ಕುಗ್ಗುತ್ತದೆ, ಆ ಹ್ಯಾಶಿಗೆ ಅದು ಬೇರೆಯೇ ಕಡತ. ಅದಕ್ಕಾಗಿ ಈ ಎರಡನೆಯ ಬಗೆ. ಕಣ್ಣಿಗೆ ಒಂದೇ ಥರ ಕಂಡರೆ ಸಂಖ್ಯೆಯೂ ಹತ್ತಿರ ಹತ್ತಿರ ಬರಬೇಕು.

ಇದರ ತೀರಾ ಸರಳ ರೂಪವನ್ನು ಕೇಳಿ. ಚಿತ್ರವನ್ನು ಚದುರಂಗದ ಮಣೆಯ ಹಾಗೆ ಎಂಟು ಅಡ್ಡ, ಎಂಟು ಉದ್ದ, ಒಟ್ಟು 64 ಚೌಕಕ್ಕೆ ಕುಗ್ಗಿಸುತ್ತಾರೆ. ಬಣ್ಣ ತೆಗೆದು ಬೂದು ಮಾಡುತ್ತಾರೆ. ಎಲ್ಲ ಚೌಕಗಳ ಬೆಳಕಿನ ಸರಾಸರಿ ತೆಗೆದು, ಅದಕ್ಕಿಂತ ಬೆಳ್ಳಗಿದ್ದ ಚೌಕಕ್ಕೆ 1, ಕಪ್ಪಗಿದ್ದದ್ದಕ್ಕೆ 0. ಮುಗಿಯಿತು, ನಿಮ್ಮ ಅತ್ತೆ ಈಗ 64 ಅಂಕಿ. ಇನ್ನೊಂದು ಚಿತ್ರದ 64 ಅಂಕಿಗಳ ಪಕ್ಕದಲ್ಲಿಟ್ಟು, ಎಷ್ಟು ಸ್ಥಾನಗಳಲ್ಲಿ ಬೇರೆಯಾಗಿವೆ ಎಂದು ಎಣಿಸುತ್ತಾರೆ. ಈ ಎಣಿಕೆಗೆ ಹ್ಯಾಮಿಂಗ್ ದೂರ ಎಂದು ಹೆಸರು. ಬೆಲ್ ಲ್ಯಾಬ್ಸಿನಲ್ಲಿದ್ದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಯಂತ್ರಗಳ ತಪ್ಪು ತಿದ್ದಲು ಹೂಡಿದ ಲೆಕ್ಕ ಅದು. ದೂರ ಇಂತಿಷ್ಟಕ್ಕಿಂತ ಕಡಿಮೆಯಾದರೆ ‘ಒಂದೇ ಚಿತ್ರ’.

ಆ ‘ಇಂತಿಷ್ಟು’ ಎಷ್ಟು? ಯಾರು ಇಟ್ಟರು? ನನ್ನನ್ನಂತೂ ಯಾರೂ ಕೇಳಲಿಲ್ಲ.

ಫೋನಿಟ್ಟ ಮೇಲೆ ಉಳಿದ ಆ ಒಂದು ಚಿತ್ರವನ್ನು ಮುದ್ರಿಸಿ, ಪೆನ್ಸಿಲಿನಿಂದ 64 ಚೌಕ ಗೀಚಿದೆ. (ಮಗಳು ಬಾಗಿಲಲ್ಲಿ ನಿಂತು ನೋಡಿ, ಏನೂ ಹೇಳದೆ ಹೋದಳು.) ಅಂಗಳ, ಕಂಬ, ಗೋಡೆ, ಅಡಿಕೆ ರಾಶಿ, ಸಿಪ್ಪೆ ರಾಶಿ. ಅತ್ತೆಯ ಮುಖ ಒಂದು ಚೌಕದ ಅರ್ಧವನ್ನೂ ತುಂಬಲಿಲ್ಲ. ಅವಳು ನಕ್ಕರೂ ಅತ್ತರೂ ಆ ಚೌಕದ ಸರಾಸರಿ ಬೆಳಕು ಅಷ್ಟೇ ಇರುತ್ತದೆ. ಇದಕ್ಕಿಂತ ಜಾಣ ವಿಧಾನಗಳಿವೆ ಎಂದು ಅಳಿಯ ಹೇಳಿದ್ದ: ಪಕ್ಕಪಕ್ಕದ ಚೌಕಗಳನ್ನು ಹೋಲಿಸುವುದೊಂದು, ಚಿತ್ರವನ್ನು ಅಲೆಗಳಾಗಿ ಬಿಡಿಸಿ ದೊಡ್ಡ ಅಲೆಗಳನ್ನು ಮಾತ್ರ ಉಳಿಸಿಕೊಳ್ಳುವುದೊಂದು. ಸಣ್ಣ ಅಲೆಗಳನ್ನು ಬಿಸಾಡುತ್ತಾರಂತೆ. ನಗು ಇರುವುದು ಇನ್ನೆಲ್ಲಿ ಸ್ವಾಮಿ?

ಮೂರು ಸರ್ವೆ ನಂಬರಿನ ಪಹಣಿಗಳನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದೆ. ಅವುಗಳಲ್ಲೂ ಎರಡು ಹೋಗಿವೆ. ಬಿಳಿ ಹಾಳೆ, ಬೂದು ಸಾಲು. 64 ಚೌಕಕ್ಕೆ ಕುಗ್ಗಿಸಿದರೆ ಊರಿನ ಜಮೀನೆಲ್ಲ ಒಂದೇ. ಭೂಸುಧಾರಣೆ ಇಷ್ಟು ಸುಲಭವೆಂದು ಗೊತ್ತಿರಲಿಲ್ಲ.

“ಮಾವ, ಇದರಿಂದ ಎಷ್ಟು ಉಪಕಾರವಾಗಿದೆ ಗೊತ್ತೇ?” ಎಂದ ಅಳಿಯ. ಗೊತ್ತಪ್ಪ, ಗೊತ್ತು. 2009ರಲ್ಲಿ ಮೈಕ್ರೋಸಾಫ್ಟ್ ಮತ್ತು ಡಾರ್ಟ್‌ಮತ್ ಕಾಲೇಜಿನ ಹ್ಯಾನಿ ಫರೀದ್ ಸೇರಿ ಫೋಟೊಡಿಎನ್‌ಎ ಮಾಡಿದರು. ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳು ಒಮ್ಮೆ ಪತ್ತೆಯಾದರೆ ಮತ್ತೆ ಎಲ್ಲಿ ತಲೆಯೆತ್ತಿದರೂ ಅದು ಗುರುತಿಸುತ್ತದೆ. 2019ರಲ್ಲಿ ಕ್ರೈಸ್ಟ್‌ಚರ್ಚ್ ಮಸೀದಿಗಳ ಹತ್ಯಾಕಾಂಡದ ವಿಡಿಯೊ ಹರಡಿದಾಗ ಫೇಸ್‌ಬುಕ್ ಮೊದಲ 24 ಗಂಟೆಗಳಲ್ಲಿ 15 ಲಕ್ಷ ಪ್ರತಿ ಅಳಿಸಿದ್ದಾಗಿ ಹೇಳಿತು. ಅವುಗಳಲ್ಲಿ 12 ಲಕ್ಷಕ್ಕೂ ಹೆಚ್ಚನ್ನು ಏರಿಸುವ ಹಂತದಲ್ಲೇ ತಡೆಯಿತು. ಇದಕ್ಕೆಲ್ಲ ಕೈ ಮುಗಿಯುತ್ತೇನೆ. ಆದರೆ ಅಲ್ಲಿ ಅವರು ಹುಡುಕುತ್ತಿದ್ದುದು ಮೊದಲೇ ಗೊತ್ತಿದ್ದ ಚಿತ್ರವನ್ನು. ನನ್ನ ಅತ್ತೆ ಯಾವ ಪಟ್ಟಿಯಲ್ಲಿದ್ದಳು?

ಅಂಥ ದೊಡ್ಡ ಕೆಲಸದಲ್ಲೇ ಆ್ಯಪಲ್ ಕಂಪನಿ ಎಡವಿದ್ದನ್ನು ಅಳಿಯ ಹೇಳಲಿಲ್ಲ, ನಾನೇ ಹುಡುಕಿದೆ. ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳನ್ನು ಹುಡುಕಲು 2021ರ ಆಗಸ್ಟಿನಲ್ಲಿ ನ್ಯೂರಲ್‌ಹ್ಯಾಶ್ ಎಂಬ ತನ್ನದೇ ಹ್ಯಾಶನ್ನು ಘೋಷಿಸಿತು. ಅದೇ ತಿಂಗಳು, ಒಂದು ನಾಯಿಯ ಚಿತ್ರಕ್ಕೂ ಏನೂ ಕಾಣದ ಬೂದು ಮಬ್ಬಿಗೂ ಒಂದೇ ಹ್ಯಾಶ್ ಬರುವಂತೆ ಮಾಡಿ ತೋರಿಸಿದರು. 2022ರ ಡಿಸೆಂಬರಿನಲ್ಲಿ ಕಂಪನಿ ಯೋಜನೆಯನ್ನೇ ಕೈಬಿಟ್ಟಿತು. ಆದರೂ ಅವರ ಲೆಕ್ಕದಲ್ಲಿ ಸುಮಾರು 30 ಚಿತ್ರ ತಾಳೆಯಾಗಬೇಕಿತ್ತು, ಆಮೇಲೆ ಮನುಷ್ಯನೊಬ್ಬ ಕಣ್ಣಾರೆ ನೋಡಬೇಕಿತ್ತು. ನನ್ನ ಮನೆಯಲ್ಲಿ ಒಂದು ತಾಳೆಗೇ ಗಲ್ಲು.

ಸರಿ, ಹೇಳಿಯೇ ಬಿಡುತ್ತೇನೆ. ಆ್ಯಪ್ ಕೇಳಿತ್ತು. ಸಣ್ಣ ಸಣ್ಣ ಚಿತ್ರಗಳ ಗುಂಪು ಮಾಡಿ, “ಇವನ್ನು ಅಳಿಸಲೇ?” ಎಂದಿತ್ತು. ಪುಟಗಟ್ಟಲೆ ಇತ್ತು, ಕಾಫಿ ಆರುತ್ತಿತ್ತು. ಎಲ್ಲಕ್ಕೂ ಹೂಂ ಎಂದು ಒತ್ತಿದವನು ನಾನೇ. ಕಸದ ಬುಟ್ಟಿಯನ್ನೂ ಅದೇ ಉತ್ಸಾಹದಲ್ಲಿ ಬರಿದು ಮಾಡಿದೆ. ಒಂದು ಕಾಲಕ್ಕೆ ಒಂದು ರೋಲಿಗೆ ಅರ್ಧ ಗಂಟೆ ಕೊಡುತ್ತಿದ್ದ ಮನುಷ್ಯ! ಹಾಗೆ ನೋಡಿದರೆ ಆಗಲೂ ಉಳಿದ 35 ಫ್ರೇಮುಗಳ ಗತಿ ಏನಾಯಿತೆಂದು ನಾನು ಯಾವತ್ತೂ ವಿಚಾರಿಸಿದವನಲ್ಲ. ಕಪಾಟಿನಲ್ಲಿ ಗೆದ್ದಲು ಹಿಡಿದಿರಬೇಕು.

ಆ ವರ್ಷ ಅಡಿಕೆ ಕೊಯ್ಲಿಗೆ ಬಂದಿದ್ದವರು ನಿಮ್ಮಲ್ಲಿ ಐದಾರು ಜನರಾದರೂ ಇದ್ದೀರಿ. ಊಟದ ಹೊತ್ತಿಗೆ ನನ್ನಿಂದ ಆ ಚಿತ್ರಗಳನ್ನು ಕಳಿಸಿಕೊಂಡವರೂ ಇದ್ದೀರಿ. ಹುಡುಕಿ ಕಳಿಸಿ. ಮಸುಕಾಗಿದ್ದರೂ ಸರಿ, ಕುಗ್ಗಿದ್ದರೂ ಸರಿ, ಎಲ್ಲ ಒಂದೇ ಥರ ಕಂಡರೆ ಎಲ್ಲವನ್ನೂ ಕಳಿಸಿ. ಗುಲಾಬಿ ಬೇಡ.