ಮಗುವನ್ನೇ ಕೇಳಿ ಸಾರ್

ನನ್ನ ಮಗಳು ನನಗೆ ಹೇಳದೆ ಡಾಕ್ಟರ್ ಹತ್ತಿರ ಹೋಗಿ ಬಂದಿದ್ದಳು. ರಾತ್ರಿ ಊಟಕ್ಕೆ ಕೂತಾಗ ಸಾರು ಬಡಿಸಿಕೊಳ್ಳುತ್ತಾ ಆರಾಮಾಗಿ ಹೇಳಿದಳು. "ಅಮ್ಮ, ಇವತ್ತು ಸ್ಕೂಲ್ ಕ್ಲಿನಿಕ್‌ಗೆ ಹೋಗಿದ್ದೆ. ತಲೆನೋವಿಗೆ." ಅವಳಿಗೆ ತಲೆನೋವು ಅಂತಲೇ ನನಗೆ ಗೊತ್ತಿರಲಿಲ್ಲ. ಯಾವಾಗಿಂದ, ಯಾರನ್ನು ಕೇಳಿ ಹೋದೆ, ನಾನಿರಲಿಲ್ವಾ ಅಂತ ಒಂದೇ ಉಸಿರಿಗೆ ಕೇಳಿದೆ. "ನನಗೆ ಹದಿನೈದು ಆಯ್ತಲ್ಲಮ್ಮ, ನಾನೇ ಹೋಗಬಹುದು" ಅಂದಳು. ಹೊಟ್ಟೆಯಲ್ಲಿ ಚುರುಕ್ ಅಂತು.

ನಾವಿರುವುದು ಅಮೆರಿಕದ ಆರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ಪಕ್ಕದ ಊರಿನಲ್ಲಿ. ಇಲ್ಲಿ ಕೆಲವು ಹೈಸ್ಕೂಲುಗಳ ಒಳಗೇ ಒಂದು ಕ್ಲಿನಿಕ್ ಇರುತ್ತದೆ. ಬಿದ್ದ ಗಾಯಕ್ಕೆ ಪಟ್ಟಿ ಕಟ್ಟಿ ಮನೆಗೆ ಕಳಿಸುವ ಸಿಕ್ ರೂಮ್ ಅಲ್ಲ, ನಿಜವಾದ ಕ್ಲಿನಿಕ್. ಪರೀಕ್ಷೆ ಮಾಡಿ ಔಷಧಿ ಬರೆಯುವ ಅಧಿಕಾರ ಇರುವ ನರ್ಸ್ ಇರುತ್ತಾರೆ. ಲಸಿಕೆ ಹಾಕುತ್ತಾರೆ, ಬೆರಳು ಚುಚ್ಚಿ ರಕ್ತ ನೋಡುತ್ತಾರೆ, ಆಟದ ತಂಡಕ್ಕೆ ಸೇರುವವರಿಗೆ ಫಿಟ್‌ನೆಸ್ ಪರೀಕ್ಷೆ ಮಾಡುತ್ತಾರೆ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಕೌನ್ಸೆಲರ್ ಇರುತ್ತಾರೆ. ಈ ರಾಜ್ಯದಲ್ಲಿ ಹದಿನೈದು ತುಂಬಿದವರು ತಮ್ಮ ಚಿಕಿತ್ಸೆಗೆ ತಾವೇ ಒಪ್ಪಿಗೆ ಕೊಡಬಹುದು. ಮನಸ್ಸಿನ ಚಿಕಿತ್ಸೆಗಾದರೆ ಹದಿನಾಲ್ಕೇ ಸಾಕು.

ಅವತ್ತು ರಾತ್ರಿ ನನಗೆ ಸಿಟ್ಟೇ ಜಾಸ್ತಿ ಇತ್ತು. ಅವಳಿಗೆ ಏನು ಮಾಡಿದರು ಅಂತ ಕೇಳುತ್ತಾ ಹೋದಂತೆ ಸಿಟ್ಟು ಇಳಿಯಿತು. ನರ್ಸ್ ಮೊದಲು ಮಾತಾಡಿಸಿದ್ದರು. ನಿದ್ದೆ ಹೇಗಿದೆ, ಊಟ ಏನು ಮಾಡ್ತೀಯ, ಮುಟ್ಟಿನಲ್ಲಿ ರಕ್ತ ಎಷ್ಟು ಹೋಗುತ್ತೆ, ಮನೆಯಲ್ಲಿ ಎಲ್ಲ ಸರಿ ಇದ್ಯಾ, ಯಾರಾದರೂ ತೊಂದರೆ ಕೊಡ್ತಿದ್ದಾರಾ. ಆಮೇಲೆ ಹಿಮೋಗ್ಲೋಬಿನ್ ನೋಡಿದರು. ಸ್ವಲ್ಪ ಕಡಿಮೆ ಇತ್ತು. ನಿದ್ದೆ ಅದಕ್ಕಿಂತ ಕಡಿಮೆ ಇತ್ತು. ಪರೀಕ್ಷೆಯ ಭಯಕ್ಕೆ ಅವಳು ರಾತ್ರಿ ಎರಡರವರೆಗೆ ಎದ್ದಿರುತ್ತಿದ್ದಳಂತೆ. ಪಕ್ಕದ ರೂಮಿನಲ್ಲೇ ಮಲಗುವ ನನಗೆ ಇದನ್ನು ಅವಳು ಹೇಳಿರಲಿಲ್ಲ. ಅವರಿಗೆ ಹೇಳಿದಳು. "ನಿನ್ನ ಅಮ್ಮನಿಗೆ ಹೇಳಿದರೆ ಒಳ್ಳೆಯದು, ಹೇಗೆ ಹೇಳೋದು ಅಂತ ಬೇಕಾದರೆ ಇಬ್ಬರೂ ಸೇರಿ ಯೋಚಿಸೋಣ" ಅಂತ ಅವರೇ ಹೇಳಿ ಕಳಿಸಿದ್ದರು.

ಇದೇ ಸಮಯಕ್ಕೆ ತಿಪಟೂರಿನಲ್ಲಿ ನನ್ನ ತಂಗಿಯ ಮಗಳ ಕತೆ ನಡೆಯುತ್ತಿತ್ತು. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಒಂಬತ್ತನೇ ಕ್ಲಾಸು. ಬೆಳಗ್ಗೆ ಪ್ರಾರ್ಥನೆಗೆ ನಿಂತಾಗ ಕಣ್ಣು ಕತ್ತಲೆ ಬಂದು ಬಿದ್ದಳು. ಸ್ಟಾಫ್ ರೂಮಿನಲ್ಲಿ ಮಲಗಿಸಿ ಗ್ಲೂಕೋಸ್ ನೀರು ಕೊಟ್ಟರು, ಮನೆಗೆ ಫೋನ್ ಮಾಡಿದರು. ಅಜ್ಜಿ ದೃಷ್ಟಿ ತೆಗೆದರು. ಮತ್ತೊಂದು ಸಲ ಬಿದ್ದಳು. ಆಗ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ನಡೆದದ್ದು ನಮ್ಮೆಲ್ಲರ ಮನೆಯಲ್ಲೂ ನಡೆಯುವುದೇ. ಡಾಕ್ಟರು ತಂಗಿಯನ್ನು ನೋಡಿ "ಏನಮ್ಮಾ ತೊಂದರೆ?" ಅಂದರು. ತಂಗಿ ಹೇಳಿದಳು, "ಬೆಳಗ್ಗೆ ತಿಂಡಿ ತಿನ್ನಲ್ಲ ಸಾರ್, ಯಾವಾಗ್ಲೂ ಮೊಬೈಲು." ಟಾನಿಕ್ ಬರೆದುಕೊಟ್ಟರು. ಹುಡುಗಿ ಬಾಯಿಯೇ ತೆರೆಯಲಿಲ್ಲ. ಅವಳನ್ನು ಯಾರೂ ಕೇಳಲೂ ಇಲ್ಲ.

ನಿಜ ವಿಷಯ ಹೊರಬಂದದ್ದು ನನ್ನ ಹತ್ತಿರ, ವಿಡಿಯೋ ಕಾಲ್‌ನಲ್ಲಿ. "ದೊಡ್ಡಮ್ಮ, ನಿಮಗೊಂದು ಹೇಳ್ಲಾ?" ಅಂತ ಶುರು ಮಾಡಿದಳು. ತಿಂಗಳುಗಟ್ಟಲೆಯಿಂದ ಅವಳಿಗೆ ಮುಟ್ಟಿನಲ್ಲಿ ವಿಪರೀತ ರಕ್ತಸ್ರಾವ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಹೊಟ್ಟೆ ತೊಳಸುತ್ತದೆ ಅಂತ ಗೆಳತಿಯರೆಲ್ಲ ಕಿಟಕಿಯಿಂದಾಚೆ ಎಸೆಯುತ್ತಾರೆ, ಅವಳೂ ಎಸೆದಿದ್ದಳು. ಊಟ ಆದ ಮೇಲೆ ತಗೊಂಡರೆ ಹಾಗಾಗುವುದು ಕಡಿಮೆ, ಮಲ ಕಪ್ಪಾದರೆ ಹೆದರಬೇಕಿಲ್ಲ ಅಂತ ಅವಳಿಗೆ ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ. ಆಮೇಲೆ ತಂಗಿ ಲೇಡಿ ಡಾಕ್ಟರ್‌ಗೆ ತೋರಿಸಿದಳು. ಹಿಮೋಗ್ಲೋಬಿನ್ ಎಂಟರ ಹತ್ತಿರ ಇಳಿದಿತ್ತು. ಸಾವಿರಾರು ಮೈಲಿ ದೂರದ ದೊಡ್ಡಮ್ಮನಿಗೆ ಹೇಳಬಹುದಾದ ಮಾತು ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಎದುರಿಗಿದ್ದ ಒಬ್ಬರಿಗೂ ಹೇಳಲು ಆಗಲಿಲ್ಲವಲ್ಲ ಅಂತ ನನಗೆ ಇವತ್ತಿಗೂ ಸಂಕಟ.

ಇದು ಒಬ್ಬಳ ಕತೆಯೂ ಅಲ್ಲ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ.

ನಮ್ಮಲ್ಲಿ ಯೋಜನೆಗಳಿಗೆ ಬರವಿಲ್ಲ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಜೀಪಿನಲ್ಲಿ ಶಾಲೆಗೆ ಬರುತ್ತದೆ. ಇಬ್ಬರು ಡಾಕ್ಟರು, ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್. ಆದರೆ ಬರುವುದು ವರ್ಷಕ್ಕೊಂದು ಸಲ. ಅವತ್ತು ಮಕ್ಕಳು ವರಾಂಡದಲ್ಲಿ ಸಾಲಾಗಿ ನಿಲ್ಲುತ್ತಾರೆ. ಹಲ್ಲು ತೋರಿಸು, ನಾಲಿಗೆ ತೋರಿಸು, ತೂಕ ಎಷ್ಟು, ಮುಂದೆ ಹೋಗು. ಹಿಂದೆ ಇಡೀ ಕ್ಲಾಸು ನಿಂತಿರುವಾಗ "ಏನಾದ್ರೂ ತೊಂದರೆ ಇದ್ಯಾ?" ಅಂದರೆ ಯಾವ ಹುಡುಗಿ ತಾನೇ ಮುಟ್ಟಿನ ಮಾತು ತೆಗೆಯುತ್ತಾಳೆ? ಹದಿಹರೆಯದವರಿಗೆ ಅಂತಲೇ ಸ್ನೇಹ ಕ್ಲಿನಿಕ್‌ಗಳಿವೆ. ಯೋಚನೆ ಬಹಳ ಒಳ್ಳೆಯದು. ಆದರೆ ಅವು ಇರುವುದು ಆಸ್ಪತ್ರೆಗಳಲ್ಲಿ. ಹದಿನಾಲ್ಕರ ಹುಡುಗಿ ಬಸ್ಸು ಹತ್ತಿ ತಾಲ್ಲೂಕು ಆಸ್ಪತ್ರೆಗೆ ಒಬ್ಬಳೇ ಹೋದರೆ ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ಅವಳು ಹೋಗುವುದಿಲ್ಲ.

ಇದೇ ಪಾಠವನ್ನು ಅಮೆರಿಕದವರೂ ಕಷ್ಟಪಟ್ಟೇ ಕಲಿತರು. ಶಾಲೆಯೊಳಗಿನ ಕ್ಲಿನಿಕ್ ಇಲ್ಲಿ ಶುರುವಾದದ್ದು 1960ರ ದಶಕದ ಕೊನೆಗೆ, ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ. ಆಮೇಲೆ ಡಲ್ಲಾಸ್‌ನ ಬಡ ಬಡಾವಣೆಯಲ್ಲಿ. 1973ರಲ್ಲಿ ಮಿನಿಸೋಟದ ಸೇಂಟ್ ಪಾಲ್ ನಗರದ ಒಂದು ಹೈಸ್ಕೂಲಿನಲ್ಲಿ ಮೊದಲಿಗೆ ಬಸುರಿ ಹುಡುಗಿಯರ ಆರೈಕೆ, ಗರ್ಭನಿರೋಧದ ಸಲಹೆಗಳಿಗಾಗಿ ಕ್ಲಿನಿಕ್ ತೆರೆದರು. ಮಕ್ಕಳು ಆ ಕಡೆ ಸುಳಿಯಲಿಲ್ಲ. ಒಳಗೆ ಹೋದರೆ ಯಾತಕ್ಕೆ ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತಿತ್ತು ನೋಡಿ. ಕೊನೆಗೆ ಆಟದ ಫಿಟ್‌ನೆಸ್ ಪರೀಕ್ಷೆ, ಲಸಿಕೆ, ತೂಕ ಇಳಿಸುವ ಸಲಹೆ ಎಲ್ಲವನ್ನೂ ಸೇರಿಸಿದರು. ಕಾಲು ಉಳುಕಿದವನೂ ಅದೇ ಬಾಗಿಲಿಂದ ಹೋಗತೊಡಗಿದ ಮೇಲೆ ಉಳಿದವರಿಗೂ ಧೈರ್ಯ ಬಂತು. ನಮ್ಮ ಪೋರ್ಟ್‌ಲ್ಯಾಂಡ್‌ನಲ್ಲಿ ರೂಸ್‌ವೆಲ್ಟ್ ಹೈಸ್ಕೂಲಿನಲ್ಲಿ 1986ರಲ್ಲಿ ಶುರುವಾಯಿತು.

ಕರ್ನಾಟಕದ ಗೆಳತಿಯರಿಗೆ ಇದನ್ನೆಲ್ಲ ಹೇಳಿದರೆ ಎಲ್ಲರದ್ದೂ ಒಂದೇ ಪ್ರಶ್ನೆ. "ಅಪ್ಪ ಅಮ್ಮನಿಗೆ ಗೊತ್ತಿಲ್ದೆ ಔಷಧಿ ಕೊಡೋದಾ? ನಮ್ಮಲ್ಲಿ ನಡೆಯಲ್ಲ ಬಿಡು." ಅಮೆರಿಕದಲ್ಲೂ ಎಲ್ಲ ಕಡೆ ಹೀಗಿಲ್ಲ ಅಂತ ಅವರಿಗೆ ಹೇಳುತ್ತೇನೆ. ಎಷ್ಟೋ ರಾಜ್ಯಗಳಲ್ಲಿ ಅಪ್ಪ ಅಮ್ಮ ಸಹಿ ಮಾಡಿದ ಫಾರಂ ಇಲ್ಲದೆ ಮಗುವನ್ನು ನೋಡುವುದಿಲ್ಲ. ಆರೆಗಾನ್‌ನಲ್ಲೂ ಅಗತ್ಯ ಅನಿಸಿದರೆ ಚಿಕಿತ್ಸೆ ಕೊಟ್ಟವರು ಅಪ್ಪ ಅಮ್ಮನಿಗೆ ತಿಳಿಸಲು ಕಾನೂನಿನಲ್ಲಿ ಅವಕಾಶವಿದೆ. ಸಹಿ ಇರಲಿ, ನನಗೇನೂ ತಕರಾರಿಲ್ಲ. ವರ್ಷದ ಮೊದಲಿಗೆ ಒಂದು ಸಲ ಸಹಿ ಮಾಡೋಣ. ಆದರೆ ಆಮೇಲೆ ಮಗು ಒಳಗೆ ಒಬ್ಬಳೇ ಹೋಗಲಿ, ಪ್ರಶ್ನೆಯನ್ನು ಅವಳಿಗೇ ಕೇಳಲಿ, ಉತ್ತರ ಅವಳೇ ಕೊಡಲಿ. ನಮ್ಮ ಮಕ್ಕಳ ಬಗ್ಗೆ ನಮಗೇ ಎಲ್ಲ ಗೊತ್ತು ಅಂತ ನಾವು ಅಮ್ಮಂದಿರು ಡಾಕ್ಟರ ಮುಂದೆ ಗಡಿಬಿಡಿಯಲ್ಲಿ ಮಾತಾಡಿಬಿಡುತ್ತೇವೆ. ಪ್ರೀತಿಯಿಂದಲೇ ಮಾತಾಡುತ್ತೇವೆ, ಆದರೆ ಆ ಪ್ರೀತಿಯಲ್ಲಿ ಮಗುವಿನ ಮಾತು ಮುಳುಗಿಹೋಗುತ್ತದೆ.

ಇಲ್ಲಿಯದೆಲ್ಲ ಚೆನ್ನ ಅಂತಲೂ ಹೇಳಲಾರೆ. ಈ ದೇಶದಲ್ಲಿ ಸರ್ಕಾರಿ ಶಾಲೆಗಳು ಒಂದು ಲಕ್ಷದ ಹತ್ತಿರ ಇವೆ, ಇಂಥ ಕ್ಲಿನಿಕ್‌ಗಳು ನಾಲ್ಕು ಸಾವಿರದ ಆಸುಪಾಸು. ನನ್ನ ಮಗಳ ಶಾಲೆಯಲ್ಲಿ ಇದೆ, ಪಕ್ಕದ ಊರಿನಲ್ಲಿರುವ ಗೆಳತಿಯ ಮಗನ ಶಾಲೆಯಲ್ಲಿ ಇಲ್ಲ. ಅನುದಾನ ನಿಂತರೆ ಕ್ಲಿನಿಕ್ಕೂ ನಿಲ್ಲಬಹುದು. ನಮ್ಮ ಜೀಪು ಹಾಗಲ್ಲ, ಸರ್ಕಾರಿ ಶಾಲೆ ಯಾವ ಮೂಲೆಯಲ್ಲಿದ್ದರೂ ಅಲ್ಲಿಗೆ ಹೋಗಬೇಕು ಅನ್ನುವುದೇ ಅದರ ಲೆಕ್ಕ. ತಂಗಿಯ ಬೀದಿಯಲ್ಲೇ ಒಬ್ಬ ಹುಡುಗನಿಗೆ ಹೃದಯದಲ್ಲಿ ರಂಧ್ರ ಇದ್ದದ್ದನ್ನು ಅದೇ ತಂಡದವರು ಪತ್ತೆ ಮಾಡಿದರು. ಆಪರೇಷನ್ನಿಗೆ ಅವನ ಅಪ್ಪ ಒಂದು ರೂಪಾಯಿ ಕೊಡಲಿಲ್ಲ. ಈಗ ಅವನು ಬೀದಿಯಲ್ಲಿ ಕ್ರಿಕೆಟ್ ಆಡುತ್ತಾನೆ. ಬಿಸಿಯೂಟ, ಕ್ಷೀರಭಾಗ್ಯದ ಹಾಲು, ಮೊಟ್ಟೆ ಇವೆಲ್ಲ ಯಾವ ಔಷಧಿಗೂ ಕಡಿಮೆ ಅಲ್ಲ. ಎಲ್ಲ ಮನೆಯ ಬಾಗಿಲೂ ಗೊತ್ತಿರುವ ಆಶಾ ಕಾರ್ಯಕರ್ತೆಯಂಥವರು ನನ್ನ ಈ ಊರಿನಲ್ಲಿ ಒಬ್ಬರೂ ಇಲ್ಲ. ಮಗಳಿಗೆ ಎರಡು ವರ್ಷವಿದ್ದಾಗ ಜ್ವರ ಬಂದು ರಾತ್ರಿಯೆಲ್ಲ ಒಬ್ಬಳೇ ಕೂತಿದ್ದಾಗ ಅದು ನನಗೆ ಚೆನ್ನಾಗಿ ಗೊತ್ತಾಗಿತ್ತು.

ಇಷ್ಟೆಲ್ಲ ಇರುವ ನಮ್ಮ ಕರ್ನಾಟಕದಲ್ಲಿ ಶಾಲೆಯೊಳಗೆ ಒಂದು ಕೋಣೆ ಕೇಳುವುದು ದೊಡ್ಡದಲ್ಲ ಅಂತಲೇ ನನಗೆ ಅನಿಸುವುದು. ಕೆಪಿಎಸ್, ಅಂದರೆ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿಯಿಂದ ಪಿಯುಸಿವರೆಗೆ ಮಕ್ಕಳು ಒಂದೇ ಕ್ಯಾಂಪಸ್ಸಿನಲ್ಲಿರುತ್ತಾರೆ. ಉಪಕೇಂದ್ರಗಳಲ್ಲಿ ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ. ಮುಂದಿನ ಬೇಸಿಗೆಯಲ್ಲಿ ಊರಿಗೆ ಹೋದಾಗ ತಂಗಿಯ ಜೊತೆ ಶಾಲೆಯ ಅಭಿವೃದ್ಧಿ ಸಮಿತಿ ಎಸ್‌ಡಿಎಂಸಿಯವರನ್ನು ಕಂಡು ಕೇಳಬೇಕು ಅಂತಿದ್ದೇನೆ. ವಾರಕ್ಕೆ ಒಂದು ಮಧ್ಯಾಹ್ನ, ಊಟದ ಬೆಲ್ಲಿನ ನಂತರ, ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ. ತೂಕದ ಯಂತ್ರ, ಹಿಮೋಗ್ಲೋಬಿನ್ ನೋಡುವ ಸಾಮಾನು, ನೀಲಿ ಮಾತ್ರೆ, ಪ್ಯಾಡು. ಒಬ್ಬ ನರ್ಸಮ್ಮ, ಎರಡು ಕುರ್ಚಿ. ಗಂಡು ಮಕ್ಕಳೂ ಬರಲಿ, ಕಬಡ್ಡಿಯಲ್ಲಿ ಮೊಣಕಾಲು ತರಚಿಕೊಂಡವರು ಮೊದಲು ಬರಲಿ. ಕುರ್ಚಿ, ತೂಕದ ಯಂತ್ರದ ಖರ್ಚು ನನ್ನದು ಅಂತ ತಂಗಿಗೆ ಆಗಲೇ ಹೇಳಿದ್ದೇನೆ.