ಭಾಷೆ ಬೇಕಾಗಲ್ಲ ಅಂದಿದ್ದರು

"ಕೋರ್ಸ್ ಪೂರ್ತಿ ಇಂಗ್ಲಿಷಿನಲ್ಲೇ ಇರುತ್ತೆ ಮೇಡಂ. ಜರ್ಮನ್ ಬೇಕಾಗಲ್ಲ. ಅಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತೆ."

ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯಲ್ಲಿ ನನಗೆ ಹೀಗೆ ಹೇಳಿದ್ದರು. ನಾನು ನಂಬಿದೆ. ಕೋರ್ಸ್ ನಿಜವಾಗಿಯೂ ಇಂಗ್ಲಿಷಿನಲ್ಲೇ ಇದೆ, ಅದು ಸುಳ್ಳಲ್ಲ. ಆದರೆ ಊರು ಇಂಗ್ಲಿಷಿನಲ್ಲಿಲ್ಲ. ಮನೆ ಬಾಗಿಲು, ಟಪಾಲು, ಡಾಕ್ಟರ ಫೋನು, ಕಸದ ಡಬ್ಬಿ, ಪಕ್ಕದ ಮನೆಯವರು, ಯಾವುದೂ ಇಂಗ್ಲಿಷಿನಲ್ಲಿಲ್ಲ. ನಾನು ಓದಲು ಜರ್ಮನಿಯ ಸ್ಟಟ್‌ಗಾರ್ಟಿಗೆ ಬಂದು ನಾಲ್ಕು ತಿಂಗಳಾಯಿತು. ಮುಂದಿನ ಸಲ ಹೊರಡುವವರಿಗಾಗಿ, ಅವರನ್ನು ಕಳಿಸುವ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಪುರುಸೊತ್ತಿದ್ದಾಗ ಓದಿ.

ಹೊರಡುವ ಮೊದಲು ಒಂದು ವರ್ಷ ಪೂರ್ತಿ ಕಾಗದಪತ್ರದ ಕೆಲಸವೇ ಆಗಿತ್ತು. ನಮ್ಮ ಅಂಕಪಟ್ಟಿಗಳು ಅಸಲಿ ಅಂತ ತೋರಿಸುವ ಎಪಿಎಸ್ ಪ್ರಮಾಣಪತ್ರ ಬೇಕು, 2022ರ ನವೆಂಬರಿನಿಂದ ಭಾರತದವರಿಗೆ ಅದು ಕಡ್ಡಾಯ. ಆಮೇಲೆ ಬ್ಲಾಕ್ಡ್ ಅಕೌಂಟ್. ಅದರಲ್ಲಿ ವರ್ಷದ ಖರ್ಚಿಗೆ ಅಂತ 11,904 ಯೂರೋ ಮೊದಲೇ ಇಡಬೇಕು, ಅದು ತಿಂಗಳಿಗೆ 992ರಂತೆ ನಮ್ಮ ಕೈಗೆ ಬರುತ್ತದೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ. ಸ್ಟಟ್‌ಗಾರ್ಟ್ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಆದರೆ ಯುರೋಪಿಯನ್ ಒಕ್ಕೂಟದ ಹೊರಗಿನ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಅಪ್ಪ ದಾವಣಗೆರೆಯ ಅಂಗಡಿ ಮೇಲೆ ಸಾಲ ತೆಗೆದರು. ಇಷ್ಟೆಲ್ಲ ಓಡಾಟದಲ್ಲಿ ಒಬ್ಬರೂ ನನ್ನನ್ನು "ಭಾಷೆ ಎಲ್ಲಿಗೆ ಬಂತು?" ಅಂತ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಮೊಬೈಲಿನಲ್ಲಿ ನಮಸ್ಕಾರ, ಥ್ಯಾಂಕ್ಸ್, ಒಂದರಿಂದ ಇಪ್ಪತ್ತು ಕಲಿತಿದ್ದೆ, ಅಷ್ಟೇ.

ಸೆಪ್ಟೆಂಬರ್ 27, ಶನಿವಾರ ರಾತ್ರಿ ಮನೆ ತಲುಪಿದೆ. ಬಾಡ್ ಕಾನ್‌ಶ್ಟಾಟ್ ಅನ್ನುವ ಭಾಗದಲ್ಲಿ ಮೂವರು ಹುಡುಗಿಯರು ಸೇರಿ ಹಿಡಿದ ಮನೆ. ಉಳಿದ ಇಬ್ಬರು ಇನ್ನೂ ಬಂದಿರಲಿಲ್ಲ. ಮಾರನೇ ದಿನ ಭಾನುವಾರ. ಹಾಲು ತರೋಣ ಅಂತ ಹೊರಗೆ ಹೋದರೆ ಬೀದಿಯಲ್ಲಿ ಒಂದು ಅಂಗಡಿಯೂ ತೆರೆದಿಲ್ಲ. ಇಲ್ಲಿ ಭಾನುವಾರ ಅಂಗಡಿ ಮುಚ್ಚುವುದು ಕಾನೂನು. ರೈಲು ನಿಲ್ದಾಣದಲ್ಲಿ ಕೆಲವು ತೆರೆದಿರುತ್ತವೆ ಅಂತ ಆಮೇಲೆ ತಿಳಿಯಿತು. ಅವತ್ತು ಮೂರು ಹೊತ್ತೂ ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. "ಊಟ ಆತೇನವ್ವ?" ಅಂತ ಅವ್ವ ಫೋನ್ ಮಾಡಿದಾಗ "ಆತು" ಅಂದೆ. ಅಳು ಬರುತ್ತಿತ್ತು. ಬೇಗ ಫೋನ್ ಇಟ್ಟೆ.

ಸೋಮವಾರ ಮೊದಲು ಮಾಡಿದ ಕೆಲಸ ಟಪಾಲು ಡಬ್ಬಿ ಮೇಲೆ ಹೆಸರು ಅಂಟಿಸಿದ್ದು. ಇದನ್ನು ಯಾರೂ ಸಣ್ಣ ವಿಷಯ ಅಂದುಕೊಳ್ಳಬೇಡಿ. ಇಲ್ಲಿ ಎಲ್ಲವೂ ಟಪಾಲಿನಲ್ಲೇ ಬರುತ್ತದೆ. ಬ್ಯಾಂಕಿನ ಪಿನ್ ನಂಬರ್, ಇನ್ಶೂರೆನ್ಸ್ ಕಾರ್ಡು, ತೆರಿಗೆಯ 11 ಅಂಕಿಯ ಸಂಖ್ಯೆ, ಎಲ್ಲ. ಡಬ್ಬಿ ಮೇಲೆ ಹೆಸರಿಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ. ನಮ್ಮ ಕಡೆ ಮನೆತನದ ಹೆಸರು ಹಾಕಿಕೊಳ್ಳದವರು ಜಾಸ್ತಿ ಅಲ್ವಾ? ನನ್ನ ಪಾಸ್‌ಪೋರ್ಟಿನಲ್ಲಿ ಆ ಜಾಗದಲ್ಲಿ ಅಪ್ಪನ ಹೆಸರಿದೆ. ಹಾಗಾಗಿ ಡಬ್ಬಿ ಮೇಲೂ ಅಪ್ಪನ ಹೆಸರು, ಬೆಲ್ ಪಕ್ಕದಲ್ಲೂ ಅಪ್ಪನ ಹೆಸರು. ಫೋಟೊ ತೆಗೆದು ಕಳಿಸಿದೆ. ಅಪ್ಪ ಇವತ್ತಿನವರೆಗೂ ವಿಮಾನ ಹತ್ತಿದವರಲ್ಲ. ಆ ಫೋಟೊ ಅಂಗಡಿಗೆ ಬಂದವರಿಗೆಲ್ಲ ತೋರಿಸಿದರಂತೆ.

ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಆನ್‌ಮೆಲ್ಡುಂಗ್ ಅನ್ನುತ್ತಾರೆ. ಅದಾಗದೆ ಮುಂದಿನ ಎಷ್ಟೋ ಕೆಲಸ ಸಾಗುವುದಿಲ್ಲ. ನನಗೆ ಸಿಕ್ಕಿದ್ದು ಅಕ್ಟೋಬರ್ 1, ಬುಧವಾರ. ಅವತ್ತು ಊರಲ್ಲಿ ಆಯುಧಪೂಜೆ. ಅಂಗಡಿಯ ತಕ್ಕಡಿಗೆ ಹೂವು ಹಾಕಿದ ವಿಡಿಯೋ ಬಂದಿತ್ತು. ನಾನು ಕಚೇರಿಯ ಬೆಂಚಿನ ಮೇಲೆ ಕೂತು ಅದನ್ನೇ ಮತ್ತೆ ಮತ್ತೆ ನೋಡುತ್ತಿದ್ದೆ.

ಒಳಗೆ ಹೋದೆ. ಮೇಜಿನ ಆ ಕಡೆ ಇದ್ದ ಮಹಿಳೆ ಒರಟಾಗಿ ಮಾತಾಡಲಿಲ್ಲ. ಆದರೆ ಇಂಗ್ಲಿಷಿಗೆ ಬರಲಿಲ್ಲ. ಕಚೇರಿಯ ಭಾಷೆ ಜರ್ಮನ್ ಅಂತ ನಿಧಾನವಾಗಿ ಹೇಳಿದರು. "ಲೇಡಿಗ್?" ಅಂತ ಕೇಳಿದರು. ನನಗೆ ಅರ್ಥವಾಗಲಿಲ್ಲ. ಮದುವೆಯಾಗಿಲ್ಲವಾ ಅಂತ ಅದರ ಅರ್ಥ. ಧರ್ಮ ಯಾವುದು ಅನ್ನುವ ಪ್ರಶ್ನೆಯೂ ಆ ನೋಂದಣಿಯಲ್ಲಿದೆ. ನನ್ನ ಕ್ಲಾಸಿನ ಕೇರಳದ ಗೆಳತಿ ಕ್ಯಾಥೊಲಿಕ್ ಅಂತ ಬರೆದಳು. ಸರಿಯಾಗಿಯೇ ಬರೆದಳು. ಆದರೆ ಅದು ಚರ್ಚ್ ತೆರಿಗೆಗೆ ಲೆಕ್ಕ, ಮುಂದೆ ಕೆಲಸ ಸಿಕ್ಕಿ ಆದಾಯ ತೆರಿಗೆ ಕಟ್ಟುವಾಗ ಈ ರಾಜ್ಯದಲ್ಲಿ ಆ ತೆರಿಗೆಯ ಶೇ 8ರಷ್ಟು ಅದಕ್ಕೂ ಸೇರುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಕಟ್ಟುವುದು ಬಿಡುವುದು ಅವಳಿಷ್ಟ. ಏನು ಬರೆಯುತ್ತಿದ್ದೇನೆ ಅಂತ ತಿಳಿದು ಬರೆಯುವಂತಿರಬೇಕಿತ್ತು, ಅಷ್ಟೇ ನನ್ನ ಮಾತು.

ಕೆಲವು ವಾರ ಕಳೆದ ಮೇಲೆ ಒಂದು ಪತ್ರ ಬಂತು. 55.08 ಯೂರೋ ಕಟ್ಟಿ ಅಂತ ಇತ್ತು. ಉಳಿದದ್ದು ಓದಲಾಗಲಿಲ್ಲ. ಏನೋ ತಪ್ಪು ಮಾಡಿದ್ದೇನೆ, ದಂಡ ಹಾಕಿದ್ದಾರೆ ಅಂತ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಅದು ರೇಡಿಯೋ ಟಿವಿಗೆ ಪ್ರತಿ ಮನೆಯೂ ಕಟ್ಟುವ ಹಣ. ತಿಂಗಳಿಗೆ 18.36, ಮೂರು ತಿಂಗಳದ್ದು ಒಟ್ಟಿಗೆ. ಟಿವಿ ಇರಲಿ ಬಿಡಲಿ ಕಟ್ಟಬೇಕು. ಆದರೆ ಮನೆಗೆ ಒಂದೇ ಸಲ, ತಲೆಗೆ ಒಂದಲ್ಲ. ನಾವು ಮೂವರು ಹಂಚಿಕೊಂಡೆವು.

ಎರಡನೇ ವಾರ ಜ್ವರ ಬಂದಿತ್ತು. ಹತ್ತಿರದ ಕ್ಲಿನಿಕ್ಕಿಗೆ ಫೋನ್ ಮಾಡಿದರೆ ಎತ್ತಿದವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಎರಡು ಸಲ ಮಾಡಿ ಎರಡು ಸಲವೂ ಇಟ್ಟೆ. ಮೈ ಸುಡುತ್ತಿದೆ ಅಂತ ಹೇಳಲೂ ಭಾಷೆ ಬೇಕು. ಕ್ಲಿನಿಕ್ ಮುಚ್ಚಿದ ಹೊತ್ತಿನಲ್ಲಿ 116117 ಅನ್ನುವ ನಂಬರಿಗೆ ಫೋನ್ ಮಾಡಬಹುದು, ಜೀವಕ್ಕೆ ಅಪಾಯ ಇದ್ದರೆ 112. ಹೋಗುವವರು ಈ ಎರಡನ್ನೂ ಈಗಲೇ ಬರೆದಿಟ್ಟುಕೊಳ್ಳಿ.

ಇನ್ನು ನಮ್ಮ ಬಾಗಿಲಿಗೆ ಬಂದ ಒಂದು ಹಲಗೆಯ ವಿಷಯ.

ಬಂದ ಮೂರನೇ ವಾರ ಕಾಲೇಜಿಂದ ವಾಪಸ್ ಬಂದಾಗ ನಮ್ಮ ಬಾಗಿಲ ಹಿಡಿಗೆ ಒಂದು ಸಣ್ಣ ಮರದ ಹಲಗೆ ನೇತಾಡುತ್ತಿತ್ತು. ಮೇಲೆ 'ಕೇರ್‌ವೊಖೆ' ಅಂತ ಬರೆದಿತ್ತು. ಯಾರದೋ ಇರಬೇಕು ಅಂತ ತೆಗೆದು ಕೆಳಗಿಟ್ಟೆ. ಮಾರನೇ ದಿನ ಮತ್ತೆ ಅಲ್ಲೇ ನೇತಾಡುತ್ತಿದೆ. ಶನಿವಾರ ಬೆಲ್ ಆಯಿತು. ಕೆಳಗಿನ ಮನೆಯ ಅಜ್ಜಿ. ವಯಸ್ಸು ಎಂಬತ್ತರ ಹತ್ತಿರ ಇರಬಹುದು. ಕೈಯಲ್ಲಿ ಪೊರಕೆ, ಬಕೆಟ್ಟು. ಹಲಗೆ ತೋರಿಸಿದರು, ಮೆಟ್ಟಿಲು ತೋರಿಸಿದರು, ನನ್ನನ್ನು ತೋರಿಸಿದರು.

ಕೇರ್‌ವೊಖೆ ಅಂದರೆ ಗುಡಿಸುವ ವಾರ. ಇದು ಈ ಕಡೆಯ, ಅಂದರೆ ಶ್ವಾಬೆನ್ ಸೀಮೆಯ ಹಳೆಯ ರೂಢಿ. ಹಲಗೆ ಯಾರ ಬಾಗಿಲಲ್ಲಿದೆಯೋ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಪಾಳಿ ಅವರದು. ಕೆಲಸ ಮುಗಿಸಿ ಹಲಗೆಯನ್ನು ಪಕ್ಕದ ಬಾಗಿಲಿಗೆ ಹಾಕಬೇಕು. ಕಟ್ಟಡದ ಮುಂದಿನ ಕಾಲುದಾರಿ, ಕಸದ ಡಬ್ಬಿಯ ಜಾಗ, ಅದಕ್ಕೆ ಬೇರೆ ಪಾಳಿ. ಮುಂಜಾನೆ ಎದ್ದು ಅಂಗಳ ಗುಡಿಸಿ ನೀರು ಹಾಕುವ ಮನೆಯಲ್ಲಿ ಬೆಳೆದವಳು ನಾನು. ಆ ಕೆಲಸ ನನಗೆ ಹೊಸದಲ್ಲ. ಹಲಗೆ ಓದಲು ಬಂದಿದ್ದರೆ ಮೊದಲ ದಿನವೇ ಮಾಡಿರುತ್ತಿದ್ದೆ.

ಅಜ್ಜಿ ಬೈಯಲಿಲ್ಲ. ಪೊರಕೆ ಎತ್ತಿ "ಬೇಸೆನ್" ಅಂದರು. ಸುಮ್ಮನೆ ನಿಂತರು. ನಾನು "ಬೇಸೆನ್" ಅಂದೆ. ಬಕೆಟ್ಟು ತೋರಿಸಿ "ಐಮರ್" ಅಂದರು. ನಾನೂ ಅಂದೆ. ಮೆಟ್ಟಿಲು, "ಟ್ರೆಪ್ಪೆ". ನಾನು ಗುಡಿಸುತ್ತಾ ಬಂದೆ, ಅವರು ರೇಲಿಂಗ್ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಾ ಪದ ಹೇಳುತ್ತಾ ಬಂದರು. ಕೆಳಗೆ ಬರುವಷ್ಟರಲ್ಲಿ ನನಗೆ ಹದಿನೈದು ಪದ ಬಂದಿದ್ದವು. ಅವರ ಮಾತು ಪುಸ್ತಕದ ಜರ್ಮನ್ ಅಲ್ಲ, ಈ ಸೀಮೆಯ ಶ್ವೇಬಿಶ್. ಸಣ್ಣದಕ್ಕೆಲ್ಲ ಕೊನೆಗೆ 'ಲೆ' ಸೇರಿಸುತ್ತಾರೆ. ಸ್ವಲ್ಪ ಅನ್ನುವುದಕ್ಕೆ 'ಬಿಸ್ಲೆ'. ಮೊದಲ ಸಲ ಮಂಗಳೂರಿನ ಕನ್ನಡ ಕೇಳಿದ ದಾವಣಗೆರೆಯವರಿಗೆ ಹೇಗನ್ನಿಸುತ್ತದೆ, ಹಾಗೆ. ಈಗ ಪ್ರತಿ ಶನಿವಾರ ಅವರ ಅಡುಗೆಮನೆಯಲ್ಲಿ ಅರ್ಧ ಗಂಟೆ ಕೂರುತ್ತೇನೆ. ನನ್ನ ವಾಕ್ಯ ಮುಗಿಯುವವರೆಗೂ ಅವರು ಕಾಯುತ್ತಾರೆ. ಎಷ್ಟು ಹೊತ್ತಾದರೂ ಕಾಯುತ್ತಾರೆ.

ಆ ಕಾಯುವಿಕೆ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ ಮಾಡಿದೆ. ಹತ್ತು ವರ್ಷ ಇದ್ದೂ "ಕನ್ನಡ ಗೊತ್ತಿಲ್ಲ" ಅನ್ನುವವರನ್ನು ಕಂಡು ಸಿಟ್ಟು ಬರುತ್ತಿತ್ತು. ಇದ್ದ ಊರಿನ ಭಾಷೆ ಕಲಿಯಬೇಕು ಅನ್ನುವುದು ಅವತ್ತೂ ಸರಿ, ಇವತ್ತೂ ಸರಿ. ಇಲ್ಲಿಗೆ ಬಂದು ಆ ಮಾತು ನನ್ನಲ್ಲಿ ಇನ್ನೂ ಗಟ್ಟಿಯಾಗಿದೆ. ಭಾಷೆ ಇಲ್ಲದೆ ಒಂದು ಊರಿನಲ್ಲಿ ಇರುವುದು ಅಂದರೆ ಗಾಜಿನ ಆ ಕಡೆಯಿಂದ ನೋಡುತ್ತಾ ಕೂತಂತೆ. ಆದರೆ ಇನ್ನೊಂದು ಪ್ರಶ್ನೆಯೂ ಎದ್ದಿದೆ. ನನ್ನ ಆಫೀಸಿನಲ್ಲಿ ಒಡಿಶಾದ ಹುಡುಗಿಯೊಬ್ಬಳು "ಊಟ ಆಯ್ತಾ" ಅಂತ ತಡವರಿಸುತ್ತಾ ಕೇಳಿದಾಗ ನಾನೇನು ಮಾಡಿದ್ದೆ? ಹಿಂದಿಯಲ್ಲಿ ಉತ್ತರ ಕೊಟ್ಟಿದ್ದೆ. ನಾನೊಬ್ಬಳೇ ಅಲ್ಲ, ನಾವೆಲ್ಲರೂ. ಅವಳ ಮುಂದಿನ ವಾಕ್ಯಕ್ಕೆ ಯಾರೂ ಕಾಯಲಿಲ್ಲ. ಆರು ತಿಂಗಳಿಗೆ ಅವಳು ಪ್ರಯತ್ನ ಬಿಟ್ಟಳು. ಕಲಿಯಿರಿ ಅಂತ ಕೇಳುವುದು ಎಷ್ಟು ಮುಖ್ಯವೋ, ಕಲಿಯುವವರು ತೊದಲುವಾಗ ಕಾಯುವುದೂ ಅಷ್ಟೇ ಮುಖ್ಯ. ಅವಳಿಗೆ ಮೊನ್ನೆ ಮೆಸೇಜ್ ಮಾಡಿದೆ, ಕನ್ನಡದಲ್ಲಿ. ಕನ್ನಡದಲ್ಲೇ ಉತ್ತರ ಬಂತು.

ನಾನು ದಿನಾ ವಿಶ್ವವಿದ್ಯಾಲಯಕ್ಕೆ ಹೋಗುವುದು ಎಸ್ 1 ರೈಲಿನಲ್ಲಿ. ಅದೇ ರೈಲು ಎದುರು ದಿಕ್ಕಿನಲ್ಲಿ ಎಸ್ಲಿಂಗನ್ ಊರಿಗೆ ಹೋಗುತ್ತದೆ. ಕನ್ನಡ ಕಲಿತ ಜರ್ಮನ್ ಮಿಷನರಿ ಹರ್ಮನ್ ಮೊಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ. 1836ರಲ್ಲಿ ಮಂಗಳೂರಿಗೆ ಬಂದಾಗ ಅವರಿಗೆ 25 ವರ್ಷ, ಹೆಚ್ಚು ಕಡಿಮೆ ನನ್ನ ವಯಸ್ಸು. ಏಳು ವರ್ಷಕ್ಕೆ, 1843ರ ಜುಲೈ 1ರಂದು, ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದರು. ಇಲ್ಲಿಂದ ರೈಲಿನಲ್ಲಿ ಒಂದು ಗಂಟೆ ಹೋದರೆ ಟ್ಯೂಬಿಂಗನ್. ಕನ್ನಡ ನಿಘಂಟು ಮಾಡಿದ ಫರ್ಡಿನಂಡ್ ಕಿಟೆಲ್ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ತೀರಿಕೊಂಡ ಊರು. 1894ರ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಇಬ್ಬರೂ ಬಂದದ್ದು ಮಿಷನ್ ಕೆಲಸಕ್ಕೆ, ನಿಜ. ಆದರೆ ಅವರಿಗೆ ಆ್ಯಪ್ ಇರಲಿಲ್ಲ, ಕೋಚಿಂಗ್ ಇರಲಿಲ್ಲ. ನಮ್ಮ ಜನರ ಬಾಯಿಂದ ಒಂದೊಂದು ಪದ ಕೇಳಿ ಕಲಿತರು. ಅವರು ತೊದಲಿದಾಗ ನಮ್ಮವರು ಯಾರೋ ಕಾದಿರಲೇಬೇಕು. ನವೆಂಬರಿನ ಒಂದು ಭಾನುವಾರ ಟ್ಯೂಬಿಂಗನ್ನಿಗೆ ಹೋಗಿದ್ದೆ. ನೆಕರ್ ನದಿಯ ದಂಡೆ ಮೇಲೆ ಒಬ್ಬಳೇ ಓಡಾಡಿದೆ. ಮೊದಲ ಸಲ ಈ ಸೀಮೆ ಪರದೇಶ ಅನ್ನಿಸಲಿಲ್ಲ.

ಜರ್ಮನಿಯಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳಲ್ಲಿ ಈಗ ನಮ್ಮ ದೇಶದವರೇ ಎಲ್ಲರಿಗಿಂತ ಜಾಸ್ತಿ. 2023-24ರ ಚಳಿಗಾಲದ ಸೆಮಿಸ್ಟರಿನಲ್ಲೇ ಸುಮಾರು 49,000 ಮಂದಿ ಇದ್ದರು. ಅವರಲ್ಲಿ ಎಷ್ಟು ಮಕ್ಕಳಿಗೆ "ಭಾಷೆ ಬೇಕಾಗಲ್ಲ" ಅಂತ ಹೇಳಿ ಕಳಿಸಿರಬಹುದು ಅಂತ ಯೋಚಿಸಿದರೆ ಸಂಕಟವಾಗುತ್ತದೆ. ಓದು ಮುಗಿಸಿ ಕೆಲಸ ಹುಡುಕುವಾಗಲೂ ಮತ್ತೆ ಅದೇ ಭಾಷೆ ಅಡ್ಡ ಬರುತ್ತದೆ. ನನ್ನ ಹಿರಿಯ ವಿದ್ಯಾರ್ಥಿಗಳು ಹೇಳುವುದೆಲ್ಲ ಇದನ್ನೇ. ಸೀಟು ಸಿಕ್ಕ ಮೇಲೆ ಕಲಿಯೋಣ ಅಂತ ಕೂರಬೇಡಿ. ಅರ್ಜಿ ಹಾಕಿದ ದಿನವೇ ಶುರು ಮಾಡಿ. ಭಾಷೆಯ ಮೊದಲ ಹಂತ ಎ1 ಸಾಲದು, ಮೂರನೇ ಹಂತ ಬಿ1 ಮುಗಿಸಿ ಬನ್ನಿ. ಬೆಂಗಳೂರಿನ ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮ್ಯೂಲರ್ ಭವನ ಇದೆ. ಊರಲ್ಲೇ ಇರುವವರಿಗೆ ಆನ್‌ಲೈನ್ ಕ್ಲಾಸುಗಳಿವೆ. ಅಪ್ಪ ಅಮ್ಮಂದಿರಲ್ಲಿ ಒಂದು ಬೇಡಿಕೆ. ಸಾಲದ ಲೆಕ್ಕದಲ್ಲಿ ಈ ಕ್ಲಾಸಿನ ಫೀಸನ್ನೂ ಸೇರಿಸಿ. ಅದು ದಂಡದ ಖರ್ಚಲ್ಲ.

ಚಿಕ್ಕಪ್ಪನ ಮಗಳು ಮುಂದಿನ ಅಕ್ಟೋಬರಿಗೆ ಬರಲು ಅರ್ಜಿ ಹಾಕಿದ್ದಾಳೆ. "ಅಕ್ಕಾ, ಬರುವಾಗ ಏನೇನು ತರ್ಲಿ?" ಅಂತ ಹೋದ ವಾರ ಕೇಳಿದಳು. ಚಟ್ನಿಪುಡಿ ಒಂದು ಕೆಜಿ ಜಾಸ್ತಿ ತಾ ಅಂದೆ, ಅಜ್ಜಿಗೆ ಹಿಡಿಸಿದೆ. ಆಮೇಲೆ ಕ್ಲಾಸಿನ ವಿಷಯ ಹೇಳಿದೆ. ಸೋಮವಾರದಿಂದ ಬೆಳಿಗ್ಗೆ ಆರೂವರೆಯ ಬ್ಯಾಚಿಗೆ ಸೇರಿದ್ದಾಳೆ.

ಈ ವಾರ ಹಲಗೆ ಮತ್ತೆ ನಮ್ಮ ಬಾಗಿಲಿಗೆ ಬಂದಿದೆ. ರಾತ್ರಿ ಹಿಮ ಬಿದ್ದಿದೆ, ಎಲ್ಲರ ಬೂಟಿನ ಕೆಸರೂ ಮೆಟ್ಟಿಲ ಮೇಲಿದೆ. ಅಜ್ಜಿ ಇಳಿಯುವ ಮೊದಲು ಒರೆಸಬೇಕು, ಹೊರಡುತ್ತೇನೆ.